ಕಾವಲಿನ ಪಾಳಿ

ನನ್ನ ಮೊಮ್ಮಗಳು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಒಬ್ಬಳೇ ಹೋಗಿ, ಸಂಜೆಯ ಬಸ್ಸಿಗೆ ಒಬ್ಬಳೇ ಬಂದಳು. ಇದೇ ಸುದ್ದಿ. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಆಯುಷ್ಯದಲ್ಲಿ ಎರಡೋ ಮೂರೋ ಆಗಿರಬಹುದು. ಅವುಗಳಲ್ಲಿ ನನ್ನ ಮದುವೆಯನ್ನು ಸೇರಿಸಬೇಕೋ ಬಿಡಬೇಕೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಅವಳು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ನಾನು ಕಪ್ಪು ಕನ್ನಡಕ ಹಾಕಿಕೊಂಡೇ ಹೊರಟೆ. ಅಂಗಡಿಯಿಂದ ಪೇಡೆ ತಂದು ಓಣಿಯ ಮನೆಮನೆಗೂ ಹಂಚಿದೆ. ಎದುರು ಮನೆಯ ಮುದುಕಿ ಪೇಡೆ ಕೈಯಲ್ಲಿ ಹಿಡಿದು ಕೇಳಿದಳು:

"ಏನ್ ಸುದ್ದಿರೀ ಅಜ್ಜಾರ? ಮೊಮ್ಮಗಳ ಲಗ್ನ ಗೊತ್ತಾತೇನು?"

"ಇಲ್ಲಬೇ."

"ಪರೀಕ್ಷಾ ಪಾಸಾದ್ಳೇನು?"

"ಅದು ಹ್ವಾದ ವರ್ಷನ ಆತು."

"ಮತ್ಯಾಕ ಪೇಡೆ?"

"ರಾಣೆಬೆನ್ನೂರಿಂದ ಬಂದ್ಳು."

ಮುದುಕಿ ಸ್ವಲ್ಪ ಹೊತ್ತು ನನ್ನ ಕನ್ನಡಕವನ್ನೇ ನೋಡಿದಳು. ಪೇಡೆ ಮಾತ್ರ ವಾಪಸು ಕೊಡಲಿಲ್ಲ.

ಓದುವವರಿಗೂ ಆ ಮುದುಕಿಗೆ ಅನಿಸಿದಂತೆಯೇ ಅನಿಸಬಹುದು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಮೂವತ್ತೈದು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊತ್ತೆ. ಹೇಳುವುದರಲ್ಲಿ ಹಿಂದುಮುಂದಾದರೆ ಅದಕ್ಕೆ ಓದು ಕಾರಣ, ಮಾತು ಹೆಚ್ಚಾದರೆ ಅದಕ್ಕೆ ಸಂತೋಷ ಕಾರಣ.

ನಮ್ಮ ಓಣಿಯಲ್ಲಿ ಹರೆಯದವರಿಗೆ ಇದ್ದ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಒಂದಾದರೂ ಇಲಿಯ ಪಾಲಾಗುತ್ತಿತ್ತು. ಎಲ್ಲರ ಬಾಯಲ್ಲೂ ಇದ್ದುದರಿಂದ ಒಂದೂ ಕಳೆಯಲಿಲ್ಲ. ಹುಡುಗರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡಬಾರದು. ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಬಾರದು, ಹಾಕಿದ್ದರೆ ಹಿರಿಯರು ಕಾಣುವ ಮೊದಲೇ ತೆಗೆಯಬೇಕು. ಹುಡುಗಿಯರು ಹೊಸ್ತಿಲಲ್ಲಿ ನಿಲ್ಲಬಾರದು, ಕಿಟಕಿಯ ಬಳಿ ತಲೆ ಬಾಚಬಾರದು, ನಕ್ಕರೆ ಪಕ್ಕದ ಮನೆಗೆ ಕೇಳಬಾರದು. ಊರು ದಾಟುವ ಹುಡುಗಿಯ ಜೊತೆಗೆ ಮನೆಯ ಗಂಡಸು ಒಬ್ಬ ಇರಲೇಬೇಕು. ಆ ಗಂಡಸು ಎಂಥವನಿರಬೇಕು ಎಂಬ ಬಗ್ಗೆ ನಿಯಮ ಏನೂ ಹೇಳುತ್ತಿರಲಿಲ್ಲ. ಅದು ನನಗೆ ಮುಂದೆ ಬಹಳ ಅನುಕೂಲವಾಯಿತು.

ಇನ್ನೊಂದು ನಿಯಮ ಸೀನಿನದು. ಹೊರಟವರ ಮುಂದೆ ಯಾರಾದರೂ ಸೀನಿದರೆ ತಿರುಗಿ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಆದರೆ ಮೆಣಸಿನಕಾಯಿ ಸುಗ್ಗಿ ಶುರುವಾದರೆ ಬ್ಯಾಡಗಿಗೆ ಬ್ಯಾಡಗಿಯೇ ಸೀನುತ್ತದೆ. ದಲಾಲರು ಸೀನುತ್ತಾರೆ, ಎತ್ತುಗಳು ಸೀನುತ್ತವೆ, ಪೂಜಾರಿ ಮಂಗಳಾರತಿ ಹಿಡಿದುಕೊಂಡೇ ಸೀನುತ್ತಾನೆ. ಶಕುನ ನೋಡುತ್ತ ಕುಳಿತರೆ ಒಂದು ಚೀಲವೂ ಅಂಗಡಿ ದಾಟುವುದಿಲ್ಲ. ಹಾಗಾಗಿ ಸುಗ್ಗಿ ಮುಗಿಯುವವರೆಗೆ ಸೀನಿಗೆ ಶಕುನವಿಲ್ಲ ಎಂದು ಹಿರಿಯರು ಯಾವ ಕಾಲದಲ್ಲೋ ರಿಯಾಯಿತಿ ಕೊಟ್ಟುಬಿಟ್ಟಿದ್ದರು. ಅದರಿಂದ ಯಾರ ಮನೆಯೂ ಮುಳುಗಲಿಲ್ಲ. ಸೀನು ವ್ಯಾಪಾರಕ್ಕೆ ಅಡ್ಡ ಬಂದಿತ್ತು, ಆದ್ದರಿಂದ ನಿಯಮ ಬಾಗಿತು. ಹರೆಯದವರ ನಿಯಮಗಳು ಅಡ್ಡ ಬರುತ್ತಿದ್ದುದು ಹರೆಯದವರಿಗೆ ಮಾತ್ರ, ಆದ್ದರಿಂದ ಅವು ಎಂದೂ ಬಾಗಲಿಲ್ಲ.

ಈ ಮಾತು ನನಗೆ ಈಗ ಹೊಳೆಯುತ್ತಿದೆ. ಆಗ ಹೊಳೆದಿರಲಿಲ್ಲ. ಆಗ ನಾನೇ ನಿಯಮ ಕಾಯುವವರಲ್ಲಿ ಮುಂದಿನ ಸಾಲಿನವನು.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನನ್ನ ಮಗನ ಮದುವೆಯಾಯಿತು. ಎರಡು ತಿಂಗಳಾದ ಮೇಲೆ ಅವನು, ಹೆಂಡತಿಯನ್ನು ಕರೆದುಕೊಂಡು ಹಾವೇರಿಗೆ ಸಿನಿಮಾ ನೋಡಲು ಹೋಗುತ್ತೇನೆ ಎಂದು ತಾಯಿಯ ಮುಖಾಂತರ ನನಗೆ ತಿಳಿಸಿದ. ಹೊಸದಾಗಿ ಮದುವೆಯಾದವರು ಹಾಗೆ ಇಬ್ಬರೇ ತಿರುಗಬಾರದು ಎಂಬುದು ನಿಯಮ. ನಾನು ಕಟುಕನಲ್ಲ, ಬೇಡ ಅನ್ನಲಿಲ್ಲ. ಜೊತೆಗೆ ಹೋದೆ. ಥೇಟರಿನಲ್ಲಿ ಇಬ್ಬರ ನಡುವಿನ ಕುರ್ಚಿಯಲ್ಲಿ ಕುಳಿತೆ. ಸಿನಿಮಾ ಚೆನ್ನಾಗಿತ್ತು ಎಂದು ಕಾಣುತ್ತದೆ, ನನಗೆ ಬೇಗ ನಿದ್ದೆ ಬಂತು. ಅದಾದ ಮೇಲೆ ಅವರಿಬ್ಬರೂ ಸಿನಿಮಾದ ಹೆಸರು ಎತ್ತಲಿಲ್ಲ. ನೋಡಿದಿರಾ, ಒಂದೇ ಸಿನಿಮಾಕ್ಕೆ ತೃಪ್ತಿಪಟ್ಟ ಮಕ್ಕಳು ಎಂದು ನಾನು ಪೇಟೆಯಲ್ಲಿ ಹೇಳಿಕೊಂಡೆ.

ಮೊಮ್ಮಗಳು ಹುಟ್ಟಿದಳು, ಬೆಳೆದಳು, ಪಿಯುಸಿ ಪಾಸಾದಳು. ಆ ಹೊತ್ತಿಗೆ ಹಾವೇರಿ ಜಿಲ್ಲೆಯಾಗಿತ್ತು, ಮಗ ದಲಾಲರೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದ, ಮತ್ತು ನಾನು ಮೊದಲು ಆಡುತ್ತಿದ್ದ ಮಾತುಗಳನ್ನೆಲ್ಲ ಈಗ ಅವನು ಆಡುತ್ತಿದ್ದ. ನನ್ನ ಮಾತು ಅವನ ಬಾಯಲ್ಲಿ ಕೇಳಿದಾಗ ನನಗೇ ಸ್ವಲ್ಪ ಹೆದರಿಕೆ ಆಗುತ್ತಿತ್ತು.

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳು ಬಹಳ. ಅವುಗಳಲ್ಲಿ ಒಂದರಲ್ಲಿ ಬೀಜ ಪರೀಕ್ಷೆ ಮಾಡಲು ಓದಿದ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿಡುವುದು. ವಾರದ ಮೇಲೆ ಬಿಚ್ಚಿ, ಎಷ್ಟು ಮೊಳೆತಿವೆ, ಎಷ್ಟು ಸತ್ತಿವೆ ಎಂದು ನೋಡಿ ವಹಿಯಲ್ಲಿ ಬರೆಯುವುದು. ಮೊಮ್ಮಗಳಿಗೆ ಆ ಕೆಲಸ ಬೇಕಾಗಿತ್ತು. ಮಗ, "ಬ್ಯಾಡ. ಹುಡುಗಿ ಒಬ್ಬಾಕಿ ದಿನಾ ಬಸ್ಸಿನ್ಯಾಗ ಹೋಗೂದು ಚಂದಲ್ಲ," ಎಂದ. ಅವಳು ಅಳಲಿಲ್ಲ, ಊಟ ಬಿಡಲಿಲ್ಲ.

"ಒಬ್ಬಾಕಿ ಯಾಕಪ್ಪ? ಜೊತೀಗೆ ಅಜ್ಜ ಬರ್ತಾನ," ಎಂದಳು.

ಆಗ ನಾನು ಹೊರಗೆ ಕಟ್ಟೆಯ ಮೇಲೆ ಮಲಗಿದ್ದೆ. ಎದ್ದು ಕೂಡುವಷ್ಟರಲ್ಲಿ ನನ್ನ ನೇಮಕ ಆಗಿಹೋಗಿತ್ತು.

ದಸರೆ ಮುಗಿದ ಮೇಲೆ ಹೋಗಲು ಶುರು ಮಾಡಿದೆವು. ಬೆಳಿಗ್ಗೆ ನನ್ನ ಹೆಂಡತಿ ಎರಡು ಬುತ್ತಿ ಕಟ್ಟುತ್ತಿದ್ದಳು, ಒಂದು ಮೊಮ್ಮಗಳಿಗೆ, ಒಂದು ನನಗೆ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಬಸ್ಸು ಮೋಟೆಬೆನ್ನೂರು ಕ್ರಾಸಿಗೆ ಬಂದು ಹೈವೇ ಹಿಡಿದು ರಾಣೆಬೆನ್ನೂರು ಮುಟ್ಟುತ್ತಿತ್ತು. ಅವಳು ಕಂಪನಿಯೊಳಗೆ ಹೋದರೆ ನಾನು ಎದುರಿನ ಬೇವಿನ ಮರದ ಕೆಳಗೆ. ಸಂಜೆಯವರೆಗೆ ಅಲ್ಲೇ.

ಮರದ ಕೆಳಗೆ ನನಗಿಂತ ಮೊದಲೇ ಇಬ್ಬರಿದ್ದರು. ಒಬ್ಬರು ಕುಪ್ಪೇಲೂರಿನ ಗೌಡರು, ಮಗಳ ಮಗಳನ್ನು ಕಾಯಲು ಬಂದವರು. ಇನ್ನೊಬ್ಬರು ಮೋಟೆಬೆನ್ನೂರು ಕ್ರಾಸಿನಲ್ಲಿ ಸೈಕಲ್ ದುರಸ್ತಿ ಅಂಗಡಿ ಇಟ್ಟಿದ್ದ ಸಾಹೇಬರು, ಕೊನೆಯ ಮಗಳನ್ನು ಕಾಯಲು ಬಂದವರು. ಒಳಗೆ ಮೂವರು ಹುಡುಗಿಯರು, ಹೊರಗೆ ಮೂವರು ಕಾವಲಿನವರು. ಹುಡುಗಿಯರು ನಮಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಒಂದು ಹಸಿರು ಬಾಗಿಲು. ಖರೇ ಹೇಳಬೇಕೆಂದರೆ ನಾವು ಕಾಯುತ್ತಿದ್ದುದು ಆ ಬಾಗಿಲನ್ನು. ಅದು ಎಲ್ಲಿಗೂ ಹೋಗಲಿಲ್ಲ.

ಹೊತ್ತು ಕಳೆಯಬೇಕಲ್ಲ, ನೆಲದ ಮೇಲೆ ಗೆರೆ ಎಳೆದು ಹುಲಿ-ಕುರಿ ಆಟ ಆಡುತ್ತಿದ್ದೆವು. ಗೌಡರು ಕುರಿ ಆಡಿದರೆ ಸತ್ತ ಕುರಿಯನ್ನು ಪಂಚೆಯ ಅಂಚಿನಲ್ಲಿ ಎತ್ತಿ ಮತ್ತೆ ಗೆರೆಯ ಮೇಲೆ ತರುತ್ತಿದ್ದರು. ಸಿಕ್ಕಿಬಿದ್ದರೆ ಜಗಳ. ಜಗಳ ಮುಗಿದ ಮೇಲೆ ಮೂವರೂ ಕೂಡಿ, ಈಗಿನ ಹುಡುಗ ಹುಡುಗಿಯರಿಗೆ ಶಿಸ್ತು ಇಲ್ಲ ಎಂದು ಮಾತಾಡುತ್ತಿದ್ದೆವು. ಅದರಲ್ಲಿ ನಮ್ಮೊಳಗೆ ಎಂದೂ ಭೇದ ಬರಲಿಲ್ಲ.

ಒಮ್ಮೆ ತಿರುಗಿ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ನನಗೆ ಗಟ್ಟಿ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಬಸ್ಸು ಬ್ಯಾಡಗಿ ದಾಟಿ ಕಾಗಿನೆಲೆಯಲ್ಲಿ ನಿಂತಿತ್ತು. ಮೊಮ್ಮಗಳು ಮುಂದಿನ ಬಾಗಿಲಿನಿಂದ ಬ್ಯಾಡಗಿಯಲ್ಲಿ ಇಳಿದು, ಹಿಂದಿನ ಬಾಗಿಲಲ್ಲಿ ನಾನು ಇಳಿಯುತ್ತೇನೆ ಎಂದು ನೋಡುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತ್ತಂತೆ. ನಾನು ಇನ್ನೊಂದು ಬಸ್ಸು ಹಿಡಿದು ಬ್ಯಾಡಗಿಗೆ ಬಂದಾಗ ಅವಳು ಸ್ಟ್ಯಾಂಡಿನಲ್ಲೇ ಕಾದು ನಿಂತಿದ್ದಳು. ನಾನಿಲ್ಲದೆ ಮನೆಗೆ ಹೋಗುವಂತಿರಲಿಲ್ಲ, ನಿಯಮ. ಕಂಡಕ್ಟರು ಎಲ್ಲ ಕೇಳಿ, "ಯವ್ವಾ, ಅಜ್ಜನ್ನ ಹಿಂಗ ಒಬ್ಬಾವ್ನ ಬಿಡಬ್ಯಾಡ," ಎಂದು ಅವಳಿಗೆ ಬುದ್ಧಿ ಹೇಳಿದ. ಮನೆಯಲ್ಲಿ ತಡ ಯಾಕಾಯಿತು ಎಂದು ಕೇಳಿದಾಗ, "ಬಸ್ಸು ಪಂಚರ್ ಆಗಿತ್ತು," ಎಂದಳು ಅವಳು. ನಾನು, "ಹೂಂ, ಹಿಂದಿನ ಗಾಲಿ," ಎಂದೆ. ಗಾಲಿ ಯಾವುದೆಂದು ಯಾರೂ ಕೇಳಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಸಾಹೇಬರು ಒಂದು ಮಾತು ತೆಗೆದರು. ದಿನವಿಡೀ ಮರದ ಕೆಳಗೆ ಕುಳಿತು ಅವರ ಅಂಗಡಿ ಮುಚ್ಚಿಹೋಗುತ್ತಿತ್ತು.

"ಮೂರು ಹುಡುಗ್ಯಾರ್‌ನ ಕಾಯಾಕ ಮೂರು ಮಂದಿ ಯಾಕ್ರಿ? ಒಬ್ರು ಸಾಕಲ್ಲ. ಪಾಳಿ ಮಾಡ್ಕೊಳ್ಳೂಣು. ಕುರಿ ಕಾಯಾಂವ ಒಬ್ಬನ ನೂರು ಕಾಯ್ತಾನ."

"ಕುರಿ ಬ್ಯಾರೆ, ಹುಡುಗ್ಯಾರು ಬ್ಯಾರೆ," ಎಂದರು ಗೌಡರು.

"ಹೌದ್ರಿ. ಕುರಿ ಬೇಲಿ ಹಾರ್ತಾವ."

ಗೌಡರು ಒಪ್ಪಿದರು. ವಾರದಲ್ಲಿ ಎರಡೆರಡು ದಿನ ಒಬ್ಬೊಬ್ಬರು ಎಂದು ಪಾಳಿ ಆಯಿತು. ನನ್ನ ಪಾಳಿ ಇಲ್ಲದ ದಿನ ಮನೆಯಲ್ಲಿ ಕೂಡುವ ಹಾಗಿರಲಿಲ್ಲ, ಮನೆಯವರು ನೋಡುತ್ತಾರೆ. ಹಾಗಾಗಿ ಬುತ್ತಿ ಕಟ್ಟಿಸಿಕೊಂಡು ಮೊಮ್ಮಗಳ ಜೊತೆಗೇ ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು ಸಾಹೇಬರ ಅಂಗಡಿಯಲ್ಲಿ ಕೂಡುತ್ತಿದ್ದೆ. ಸಂಜೆ ಅದೇ ಬಸ್ಸು ತಿರುಗಿ ಬಂದಾಗ ಹತ್ತಿಕೊಂಡು, ಅವಳ ಜೊತೆಗೇ ಮನೆಗೆ ಹೋಗುತ್ತಿದ್ದೆ. ಹಿಂದಿನಿಂದ ನೋಡಿದರೂ ಮುಂದಿನಿಂದ ನೋಡಿದರೂ ಅದು ಕಾವಲಿನ ಹಾಗೆಯೇ ಕಾಣುತ್ತಿತ್ತು.

ಸಾಹೇಬರ ಅಂಗಡಿ ಸುಖದ ಜಾಗ. ರಬ್ಬರಿನ ವಾಸನೆ, ಪಕ್ಕದಲ್ಲೇ ಮಿರ್ಚಿ ಭಜಿ ಕರಿಯುವ ಕಡಾಯಿ, ಹೈವೇ ಮೇಲೆ ಹೋಗುವ ಲಾರಿಗಳು. ಯುಗಾದಿ ಆದ ಮೇಲೆ ನಾನು ದಿನಾಲೂ ಅಲ್ಲಿರತೊಡಗಿದೆ. ಸಾಹೇಬರೂ ದಿನಾಲೂ ಅಲ್ಲಿದ್ದರು, ಅಂಗಡಿ ಅವರದೇ. ಹಾಗಾದರೆ ಪಾಳಿ ಗೌಡರದು ಎಂದಾಯಿತು. ಗೌಡರ ಪಾಳಿ ಇಷ್ಟು ಉದ್ದ ಯಾಕೆ ಎಂದು ನಾನೂ ಕೇಳಲಿಲ್ಲ, ಸಾಹೇಬರೂ ಕೇಳಲಿಲ್ಲ. ಕೇಳಿದ್ದರೆ ಇಬ್ಬರಲ್ಲಿ ಒಬ್ಬರು ಎದ್ದು ಬಸ್ಸು ಹತ್ತಬೇಕಾಗುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಮೊಮ್ಮಗಳ ಬುತ್ತಿ ನನ್ನ ಕೈಯಲ್ಲೇ ಉಳಿಯಿತು. ಎರಡು ಬುತ್ತಿ ಹಿಡಿದು ಕ್ರಾಸಿನಲ್ಲಿ ಇಳಿದುಬಿಟ್ಟಿದ್ದೆ. ಹುಡುಗಿ ಉಪವಾಸ ಬೀಳುತ್ತಾಳೆ ಎಂದು ಹಿಂದೆಯೇ ಬಂದ ಇನ್ನೊಂದು ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ. ಮರದ ಕೆಳಗೆ ಗೌಡರಿರಲಿಲ್ಲ. ಒಂದು ಆಕಳು ಮೆಲುಕು ಹಾಕುತ್ತ ಮಲಗಿತ್ತು. ನಮ್ಮ ಹುಲಿ-ಕುರಿಯ ಗೆರೆಗಳ ಮೇಲೆ ಹುಲ್ಲು ಬಂದಿತ್ತು.

ಹಸಿರು ಬಾಗಿಲು ತೆರೆದು ಮೊಮ್ಮಗಳು ಓಡಿಬಂದಳು. ಕೈಯೆಲ್ಲ ಒದ್ದೆ, ಮುಖ ಬಿಳಿಚಿತ್ತು.

"ಅಜ್ಜಾ! ಯಾಕ ಬಂದಿ? ಮನಿಯಾಗ ಯಾರಿಗೆ ಏನಾತು?"

ಕಾವಲಿನವನು ಕಾವಲಿನ ಜಾಗಕ್ಕೆ ಬಂದದ್ದಕ್ಕೆ ಹುಡುಗಿ ಗಾಬರಿಯಾಗಿದ್ದಳು. ನಾನು ಬುತ್ತಿ ಕೊಟ್ಟೆ.

"ಗೌಡ್ರು ಎಲ್ಲೆದಾರ?"

"ಗೌಡಜ್ಜನ? ಯುಗಾದಿ ಮುಂದ ಒಂದ್ಸಲ ಬಂದಿದ್ರು. ಆಮ್ಯಾಲ ಯಾರೂ ಇಲ್ಲ."

"ನಾಕು ತಿಂಗಳಿಂದ ಯಾರೂ ಇಲ್ಲ?"

"ಇಲ್ಲ."

"ಹುಚ್ಚಿ, ನನಗ ಹೇಳಬಾರದಾಗಿತ್ತೇನು?"

"ಹೇಳಿದ್ರ ನೀ ಬರ್ತಿದ್ದಿ," ಎಂದಳು.

ಆಮೇಲೆ ಗೌಡರನ್ನು ಕೇಳಿದಾಗ ಗೊತ್ತಾಯಿತು. ಅವರು ಕುಪ್ಪೇಲೂರಿನಲ್ಲಿ ಕುಳಿತು, ಅಲ್ಲಿ ನಾವಿಬ್ಬರು ಇದ್ದೇವಲ್ಲ ಎಂದುಕೊಂಡಿದ್ದರು. ಸಾಹೇಬರಿಗೆ ಅಂದೇ ಹೇಳಿದೆ. ಅವರು ಕೈಯಲ್ಲಿದ್ದ ಗಾಲಿಯನ್ನು ಎರಡು ಸುತ್ತು ತಿರುಗಿಸಿದರು.

"ಅಂದ್ರ ಇಷ್ಟು ದಿನ ಮ್ಯಾಲಿನವನ ಕಾಯ್ದಾನ. ಛಲೋ ಕಾಯ್ದಾನ. ನಾವು ನಡುವ ಕೈ ಹಾಕೂದು ಬ್ಯಾಡ್ರಿ."

ಮರುದಿನ ನಾನು ಎಲ್ಲಿ ಹೋದೆ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ. ಸೈಕಲ್ ಅಂಗಡಿಗೇ ಹೋದೆ.

ಆದರೆ 'ಹೇಳಿದ್ರ ನೀ ಬರ್ತಿದ್ದಿ' ಎಂದ ಮೊಮ್ಮಗಳ ಮಾತು ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಹಾವೇರಿಯಲ್ಲಿ ಆಪರೇಷನ್ ಎಂದು ಗೊತ್ತಾಯಿತು. ಮಗನಿಗೆ ಅಂಗಡಿ ಬಿಡಲಾಗದು, ನನ್ನ ಹೆಂಡತಿ ಕಣ್ಣಿಗೆ ಕತ್ತರಿ ಎಂದರೆ ಮೂರ್ಛೆ ಹೋಗುವವಳು, ಸೊಸೆಗೆ ಮನೆ. ಮೊಮ್ಮಗಳೇ ಎರಡು ದಿನ ರಜೆ ಹಾಕಿ ಬಂದಳು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ, ಯಾಕೆಂದರೆ ಅವಳ ಜೊತೆಗೆ ಗಂಡಸು ಒಬ್ಬ ಇದ್ದ, ನಾನು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದಾಗ ಆಸ್ಪತ್ರೆಯವರೊಬ್ಬರು ಅವಳನ್ನು ಕೇಳಿದ್ದು ಕಿವಿಗೆ ಬಿತ್ತು:

"ಏನವ್ವಾ, ಜೊತೀಗೆ ಗಂಡಸರು ಯಾರೂ ಬಂದಿಲ್ಲೇನು?"

"ಬಂದಾರ್ರಿ. ಅಲ್ಲೇ ಕುಂತಾರ ನೋಡ್ರಿ."

ನಾನು ಪಟ್ಟಿಯ ಹಿಂದಿನಿಂದಲೇ ಸ್ವಲ್ಪ ನೆಟ್ಟಗೆ ಕುಳಿತೆ.

ಡಾಕ್ಟರು ಒಂದೂವರೆ ತಿಂಗಳು ಧೂಳು ಬೇಡ, ಬಸ್ಸಿನ ಕುಲುಕಾಟ ಬೇಡ, ಭಾರ ಎತ್ತಬೇಡ ಎಂದು ಹೇಳಿ ಕಪ್ಪು ಕನ್ನಡಕ ಕೊಟ್ಟರು. ಮನೆಗೆ ಬಂದ ಮರುದಿನ ಬೆಳಿಗ್ಗೆ ಮಗ ಪಡಸಾಲೆಯಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ: "ಅಪ್ಪ ಹೋಗಾಕ ಬರೂದಿಲ್ಲ. ಇಕಿನೂ ಬಿಡ್ಲಿ. ಸಾಕು ಇನ್ನ ಕೆಲಸ."

ಆಗತಾನೇ ಕಂಪನಿಯವರು ಒಂದು ಮೇಜನ್ನು ಪೂರ್ತಿ ಅವಳ ಕೈಗೆ ಕೊಟ್ಟಿದ್ದರು. ಆ ಮೇಜಿನ ವಹಿಯಲ್ಲಿ ಅವಳದೇ ಸಹಿ. ಒಂದೂವರೆ ತಿಂಗಳು ಬಿಟ್ಟರೆ ಬೇರೆ ಹುಡುಗಿ ಬರುತ್ತಾಳೆ, ಕೆಲಸ ಮತ್ತೆ ಸಿಗುವುದಿಲ್ಲ. ಇದು ನನಗೆ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಅವಳು ಬುತ್ತಿ ಕಟ್ಟುವ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ನಾಗೊಂದಿಗೆಯ ಮೇಲೆ ಎತ್ತಿಟ್ಟಳು. ಒಂದು ಕಣ್ಣಿನಲ್ಲಿ ನೋಡುತ್ತಿದ್ದೆ, ಆದರೂ ಸ್ಪಷ್ಟವಾಗಿ ಕಂಡಿತು.

ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ, ಅದು ಖಾತ್ರಿ. ಅವಳಿಗೆ ಒಳ್ಳೆಯದಾಗುತ್ತದೋ ಬಾಗಿಲೇ ಮುಚ್ಚುತ್ತದೋ, ಅದು ಖಾತ್ರಿಯಿಲ್ಲ. ಆದರೂ ಹೇಳಿದೆ:

"ಆಕಿ ಒಬ್ಬಾಕೀನ ಹೋಗಿ ಬರ್ತಾಳ."

"ಅದಕ್ಕ ಅಲ್ಲೇನಪ್ಪ ನಾ ಬ್ಯಾಡ ಅನ್ನಾಕತ್ತಿದ್ದು," ಎಂದ ಮಗ.

"ಮುಂದಿಂದು ಹೇಳಾಕತ್ತಿಲ್ಲೋ. ಹಿಂದಿಂದು ಹೇಳಾಕತ್ತೇನಿ. ಯುಗಾದಿಯಿಂದ ಆಕಿ ಒಬ್ಬಾಕೀನ ಹೋಗಿ ಬರಾಕತ್ತಾಳ."

ಮಗನ ಕೈ ಗುಂಡಿಯ ಮೇಲೇ ನಿಂತಿತು. ಮೊದಲು ಮಾತಾಡಿದ್ದು ನನ್ನ ಹೆಂಡತಿ.

"ಮತ್ತ ನೀವು ದಿನಾ ಬುತ್ತಿ ಕಟಿಗೊಂಡು ಹೋಗಿದ್ದು ಎಲ್ಲಿಗ್ರಿ?"

"ಮೋಟೆಬೆನ್ನೂರು ಕ್ರಾಸಿಗೆ."

"ಅಲ್ಲೇನೈತಿ?"

"ಸೈಕಲ್ ಅಂಗಡಿ."

"ನಿಮಗ ಸೈಕಲ್ ಹೊಡ್ಯಾಕ ಬರ್ತೈತೇನು?"

"ಇಲ್ಲ."

ಅವಳು ಸೊಸೆಯ ಕಡೆ ತಿರುಗಿದಳು. "ಕೇಳಿದೇನವ್ವಾ? ನಸುಕಿನ್ಯಾಗ ಎದ್ದು ಎರಡು ಬುತ್ತಿ ಕಟ್ಟೇನಿ. ಒಂದು ಕೆಲಸಕ್ಕ ಹೋಗೋರಿಗೆ, ಒಂದು ಸೈಕಲ್ ನೋಡೋರಿಗೆ."

ಮಗ ಮಗಳನ್ನು ಕೇಳಿದ, "ನೀ ಯಾಕ ಹೇಳಲಿಲ್ಲ?"

"ನೀ ದಿನಾ ಏನ್ ಕೇಳ್ತಿದ್ದಿ ಅಪ್ಪಾ? 'ಅಜ್ಜ ಬಂದನೇನು' ಅಂತಿದ್ದಿ. ಅಜ್ಜ ದಿನಾ ಬರ್ತಿದ್ದ."

"ಏನರ ಆಗಿದ್ರ?"

ಅದನ್ನು ಅವನು ಅವಳಿಗೆ ಕೇಳಲಿಲ್ಲ, ನನಗೆ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಜಾಸ್ತಿ ಇತ್ತು. ತಂದೆಯಾದವನಿಗೆ ಆ ಅಂಜಿಕೆ ಬರುತ್ತದೆ, ನನಗೂ ಬಂದಿತ್ತು. ಅದನ್ನು ತೆಗೆದುಹಾಕುವ ಮಾತು ನನ್ನ ಬಳಿ ಇರಲಿಲ್ಲ. ಇದ್ದದ್ದನ್ನು ಹೇಳಿದೆ:

"ನಾ ಮರದ ಕೆಳಗ ಇದ್ದಾಗ ಏನರ ಆಗಿದ್ರ ನಾ ಏನ್ ಮಾಡ್ತಿದ್ನೋ? ಮಕ್ಕೊಂಡಿರ್ತಿದ್ದೆ. ಆಕಿ ಬಂದು ಎಬ್ಬಿಸಿ ಹೇಳ್ಬೇಕಾಗ್ತಿತ್ತು. ಕಾಗಿನೆಲಿಗೆ ಹೋದಾಂವ ನಾನು, ಬಸ್‌ಸ್ಟ್ಯಾಂಡಿನ್ಯಾಗ ಕಾಯ್ದಾಕಿ ಆಕಿ."

ಕಾಗಿನೆಲೆಯ ಸಂಗತಿಯೂ ಹೀಗೆ ಹೊರಬಿತ್ತು. ಪಂಚರ್ ಆದ ಗಾಲಿಯ ಲೆಕ್ಕವನ್ನೂ ನನ್ನ ಹೆಂಡತಿ ಅಲ್ಲೇ ಕೇಳಿ ಮುಗಿಸಿದಳು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿ ಬಿಟ್ಟಳು. ನನ್ನೆದುರು ಅವಳು ಮಾತಾಡುವುದು ಕಡಿಮೆ. ಗೋಡೆಗೆ ಹೇಳಿದಂತೆ ಹೇಳಿದಳು:

"ಮಾವಾರು ಸಿನಿಮಾದಾಗ ನಡುವ ಕುಂತಾಗೂ ಏನೂ ಆಗಲಿಲ್ಲ. ಕುಂದರದಿದ್ರೂ ಏನೂ ಆಗ್ತಿರಲಿಲ್ಲ."

ಹದಿನೆಂಟು ಹತ್ತೊಂಬತ್ತು ವರ್ಷದಲ್ಲಿ ಆ ಸಿನಿಮಾದ ಮಾತು ನಮ್ಮ ಮನೆಯಲ್ಲಿ ಬಂದದ್ದು ಅದೇ ಮೊದಲು. ತೃಪ್ತಿಯಿಂದ ಸುಮ್ಮನಿದ್ದಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮಗ ಹೆಂಡತಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ.

"ಖರೇ ಯಪ್ಪಾ," ಎಂದ. "ಅರ್ಧ ಸಿನಿಮಾ ನಾ ಇಕಿ ಮುಖ ನೋಡಾಕ ಹೋಗಿ ನಿನ್ನ ಮೂಗು ನೋಡೇನಿ."

ಮೊದಲು ನಕ್ಕವಳು ಮೊಮ್ಮಗಳು. ಆ ನಗು ಪಕ್ಕದ ಮನೆಗೆ ಕೇಳಿಸಿತು. ಯಾರೂ ಅವಳನ್ನು ಬೈಯಲಿಲ್ಲ. ನಾನೇನು ಹೇಳಲಿ, ನನ್ನ ಮೂಗು ದೊಡ್ಡದು. ಆ ದಿನ ಥೇಟರಿನಲ್ಲಿ ನಾನು ಆ ಹೊಸ ಜೋಡಿಯಿಂದ ಕಸಿದುಕೊಂಡದ್ದೇನು ಎಂದು ನನಗೆ ಗೊತ್ತಾದದ್ದು ಈಗ. ಕ್ಷಮೆ ಕೇಳುವುದು ನಮ್ಮ ಕಡೆ ದೊಡ್ಡವರಿಗೆ ರೂಢಿಯಿಲ್ಲ. "ತಪ್ಪಾತು," ಎಂದೆ. ಎಲ್ಲರೂ ನಗುತ್ತಿದ್ದುದರಿಂದ ಕೇಳಿಸಿತೋ ಇಲ್ಲವೋ. ಸೊಸೆ ಮಾತ್ರ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ನನಗೆ ಇನ್ನೊಂದು ಲೋಟ ಚಹಾ ತಂದಿಟ್ಟಳು.

ಮಗ ಕೊನೆಗೆ ಗುಂಡಿ ಹಾಕಿಕೊಂಡ. "ನಾಳೆ ಒಂದಿನ ಹೋಗಿ ಬರ್ಲಿ, ನೋಡೂಣು. ದೀಪ ಹಚ್ಚೂದ್ರೊಳಗ ಮನಿಯಾಗಿರಬೇಕು. ತಡಾ ಆತು, ಮುಗೀತು. ಮತ್ತ ಕೇಳಬ್ಯಾಡ್ರಿ."

ಮರುದಿನ ನನ್ನ ಹೆಂಡತಿ ಒಂದೇ ಬುತ್ತಿ ಕಟ್ಟಿದಳು. ಹುಡುಗಿ ಹೋದಳು. ನಾಲ್ಕು ತಿಂಗಳು ಹೋಗಿದ್ದ ದಾರಿಯೇ ಅದು. ಆದರೆ ಅಂದು ಮನೆಯವರಿಗೆಲ್ಲ ಗೊತ್ತಿದ್ದು ಹೋದಳು. ಅದಕ್ಕೇ ನಾನು ಅದನ್ನು ಮೊದಲ ದಿನ ಎಂದು ಹಿಡಿಯುತ್ತೇನೆ. ನಾಲ್ಕು ತಿಂಗಳು ಆರಾಮಾಗಿ ಭಜಿ ತಿಂದು ಕುಳಿತಿದ್ದ ನನಗೆ ಆ ಒಂದು ದಿನ ಕಟ್ಟೆಯ ಮೇಲೆ ಕೂಡಲಾಗಲಿಲ್ಲ.

ಸಂಜೆ ಬಸ್ಸಿನ ಹೊತ್ತಾಯಿತು. ಬಸ್ಸು ಬರಲಿಲ್ಲ. ಹೈವೇಯಲ್ಲಿ ಲಾರಿಯೊಂದು ಅಡ್ಡ ನಿಂತಿದೆ ಎಂದು ಆ ಕಡೆಯಿಂದ ಬಂದವರೊಬ್ಬರು ಹೇಳಿದರು. ನನ್ನ ಹೆಂಡತಿ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಸೊಸೆ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಕಡ್ಡಿಪೆಟ್ಟಿಗೆ ಎಲ್ಲಿಟ್ಟೆ ಎಂದು ಹುಡುಕತೊಡಗಿದಳು. ಕಡ್ಡಿಪೆಟ್ಟಿಗೆಯನ್ನು ಅವಳು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದಳು. ನನಗೆ ಒಂದು ಕಣ್ಣಿಗೇ ಅದು ಕಾಣುತ್ತಿತ್ತು, ನನ್ನ ಹೆಂಡತಿಗೆ ಎರಡು ಕಣ್ಣಿದ್ದೂ ಕಾಣಲಿಲ್ಲ. ಮಗ ಅಂಗಡಿಯಿಂದ ಬಂದವನು ಚಪ್ಪಲಿ ಬಿಡಲಿಲ್ಲ. "ಎಲಿ-ಅಡಿಕಿ ತರ್ತೇನಿ," ಎಂದು ಹಾಗೆಯೇ ತಿರುಗಿ ಹೋದ.

ಬೀದಿಯ ಆ ಕಡೆಯ ಮನೆಗಳಲ್ಲಿ ದೀಪ ಕಾಣಿಸತೊಡಗಿದವು. ಸೊಸೆ ಇನ್ನೂ ಹುಡುಕುತ್ತಿದ್ದಳು. ಆಗ ಮೊಮ್ಮಗಳು ಓಣಿಯ ತುದಿಯಲ್ಲಿ ಕಾಣಿಸಿದಳು. ಹೆಗಲಿಗೆ ಚೀಲ, ಲಗುಬಗೆಯ ನಡಿಗೆ, ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಹೊಸ್ತಿಲು ದಾಟಿ ಒಳಗೆ ಬಂದಳು. ಕಡ್ಡಿಪೆಟ್ಟಿಗೆ ಆಗ ಸಿಕ್ಕಿತು. ನಾನು ಪೇಡೆ ತರಲು ಹೊರಟೆ. ಧೂಳಿಗೆ ಹೋಗಬೇಡಿ ಎಂದು ಹಿಂದಿನಿಂದ ಹೆಂಡತಿ ಕೂಗಿದ್ದು ಕೇಳಿತು, ಆದರೆ ಆಪರೇಷನ್ ಆದದ್ದು ಕಣ್ಣಿಗೆ, ಆ ದಿನ ಕಿವಿಗೂ ಸ್ವಲ್ಪ ರಜೆ ಕೊಟ್ಟೆ.

ನಾನು ಪೇಡೆ ಹಂಚಿ ಬರುವ ಹೊತ್ತಿಗೆ ಮಗನೂ ಬಂದ. ಕೈ ಖಾಲಿ.

"ಎಲಿ-ಅಡಿಕಿ?" ಎಂದು ಕೇಳಿದೆ.

"ಸಿಗಲಿಲ್ಲ."

ಬ್ಯಾಡಗಿ ಪೇಟೆಯಲ್ಲಿ ಎಲೆ-ಅಡಿಕೆ ಸಿಗಲಿಲ್ಲ ಎಂದು ಹೇಳಿದವರಲ್ಲಿ ಅವನೇ ಮೊದಲನೆಯವನು ಇರಬೇಕು.

"ನಾಳೆ ಹೋಗ್ಲೇನಪ್ಪಾ?" ಎಂದು ಮೊಮ್ಮಗಳು ಕೇಳಿದಳು.

ಅವನು ಕಾಲು ತೊಳೆಯುತ್ತ, "ಬುತ್ತಿ ಮರೀಬ್ಯಾಡ," ಎಂದ. ಅಷ್ಟೇ. ನಮ್ಮ ಮನೆಯಲ್ಲಿ ಒಂದು ನಿಯಮ ತೆಗೆದುಹಾಕುವುದಕ್ಕೆ ಎರಡೇ ಶಬ್ದ ಸಾಕಾದವು. ಹಾಕುವುದಕ್ಕೆ ಎಷ್ಟು ತಲೆಮಾರು ಬೇಕಾಗಿತ್ತೋ ನನಗೆ ಗೊತ್ತಿಲ್ಲ.

ಎಲ್ಲ ನಿಯಮಗಳೂ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಬಾರದು ಎಂಬುದು ನನಗೆ ಈಗಲೂ ಸೇರುತ್ತದೆ, ಹಿರಿಯ ನಾನೇ ಆದ್ದರಿಂದ. ಆದರೆ ನಾವು ಮಕ್ಕಳನ್ನು ಕಾಯುತ್ತೇವೆ ಎಂದುಕೊಂಡು ಎಷ್ಟೋ ಸಲ ಬಾಗಿಲನ್ನು ಕಾಯುತ್ತಿರುತ್ತೇವೆ. ಮೂವರು ಮುದುಕರು ಸೇರಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದೇವೆ.

ನಮ್ಮಲ್ಲಿ ಊಟಕ್ಕೆ ಮೊದಲು ಗಂಡಸರು ಕೂಡಬೇಕು, ಅವರು ಎದ್ದ ಮೇಲೆ ಹೆಂಗಸರು. ಅಂದು ನಾನೂ ಮಗನೂ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕುಳಿತೆವು. ಆದರೆ ಮೊಮ್ಮಗಳು ಅಡುಗೆಮನೆಯಲ್ಲಿ ಅಜ್ಜಿಗೂ ತಾಯಿಗೂ ಲಾರಿ ಹೇಗೆ ಅಡ್ಡ ನಿಂತಿತ್ತು, ಬಸ್ಸಿನ ಮಂದಿ ಇಳಿದು ಹೇಗೆ ದಾರಿ ಬಿಡಿಸಿದರು ಎಂದು ಹೇಳುತ್ತಿದ್ದಳು. ಪಡಸಾಲೆಗೆ ಅರ್ಧ ಮಾತೇ ಕೇಳುತ್ತಿತ್ತು. ಮಗ ಎರಡು ಸಲ ಕತ್ತು ಚಾಚಿದ. ಮೂರನೆಯ ಸಲ ತನ್ನ ಗಂಗಾಳ ಎತ್ತಿಕೊಂಡು ಒಳಗೆ ಹೋದ. ನಾನೂ ಹಿಂದೆಯೇ ಹೋದೆ. ಒಲೆಯ ಮುಂದೆ ಎಲ್ಲರೂ ಸುತ್ತಾಗಿ ಕುಳಿತೆವು.

ಸೊಸೆ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕುತ್ತಿದ್ದಳು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಯಾರಿಗೂ ಹೇಳದೆ ನನ್ನ ಹೆಂಡತಿ ಮಧ್ಯಾಹ್ನವೇ ಹಬ್ಬದ ಸಿಹಿ, ಮಾದಲಿ ಮಾಡಿಟ್ಟಿದ್ದಳು. ಹುಡುಗಿ ಹೊತ್ತಿಗೆ ಬರದಿದ್ದರೆ ಅದನ್ನು ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಬರ್ತಾಳಂತ ನನಗ ಗೊತ್ತಿತ್ತು," ಎಂದಳು. ಎರಡು ಸಲ ಗುಡಿಸಿದ ಅಂಗಳದ ವಿಷಯ ನಾನು ತೆಗೆಯಲಿಲ್ಲ.

"ಅಪ್ಪಾ," ಎಂದಳು ಮೊಮ್ಮಗಳು ತುತ್ತಿನ ನಡುವೆ, "ಸ್ಟ್ಯಾಂಡಿನ್ಯಾಗ ಕಬ್ಬಿನ ಹಾಲಿನ ಗಾಡಿ ಹಿಂದ ಯಾಕ ನಿಂತಿದ್ದಿ?"

"ಯಾರು? ನಾನಲ್ಲ."

"ಚಪ್ಪಲಿ ಕಾಣ್ತಿದ್ವು."

ಮಗ ಚಟ್ನಿ ಖಾರವಾಗಿದೆ ಎಂದ. ಮೆಣಸಿನಕಾಯಿ ಊರಿನಲ್ಲಿ ಹುಟ್ಟಿ ಬೆಳೆದವನು. ಸೊಸೆ ಅವನ ಗಂಗಾಳಕ್ಕೆ ಮೊಸರು ಹಾಕಿ, ತುಪ್ಪದ ಗಿಂಡಿಯನ್ನು ಮಗಳ ಕಡೆ ಸರಿಸಿದಳು. ನನ್ನ ಹೆಂಡತಿ ಹಂಚಿನಿಂದ ಈಗಷ್ಟೇ ಇಳಿದ ರೊಟ್ಟಿಯನ್ನು ಮುರಿದು, ಉಫ್ ಎಂದು ಊದಿ ಬಾಯಿಗೆ ಹಾಕಿಕೊಂಡಳು. ಐವತ್ತು ವರ್ಷ ಅವಳ ಜೊತೆ ಬಾಳಿದ್ದೇನೆ, ಅವಳು ಬಿಸಿ ರೊಟ್ಟಿ ತಿನ್ನುವುದನ್ನು ನಾನು ನೋಡಿದ್ದು ಅಂದೇ. ಬೆರಳು ಸುಟ್ಟಿತೆಂದು ಕೈ ಝಾಡಿಸಿದಳು, ಮತ್ತೆ ಇನ್ನೊಂದು ತುಂಡು ಮುರಿದುಕೊಂಡಳು.